ಬಿಸಿಲಿಗೆ ಮಂಕಾದ ಜೆಟ್ ಸ್ಕೀ ಮೀಟರ್: ಒಂದು ಹಾಳೆ ಬದಲಾಯಿಸಿ ಅಂಕೆ ವಾಪಸ್ ತರುವುದು ಹೇಗೆ

ಮಳೆಗಾಲ ಬಂತೆಂದರೆ ಮಲ್ಪೆ ಬೀಚಿನ ಜೆಟ್ ಸ್ಕೀಗಳು, ಅಂದರೆ ನೀರಿನ ಮೇಲೆ ಓಡಿಸುವ ಸ್ಕೂಟರುಗಳು, ಎಲ್ಲ ನೀರು ಬಿಟ್ಟು ಶೆಡ್ ಸೇರುತ್ತವೆ. ಅದೇ ಹೊತ್ತಿಗೆ ನನ್ನ ಭಾವನಿಗೆ ನನ್ನ ಅಂಗಡಿಯ ನೆನಪಾಗುತ್ತದೆ.

ನಾನು ಉಡುಪಿಯಲ್ಲಿ ಟಿ.ವಿ., ರೇಡಿಯೊ ರಿಪೇರಿಯಿಂದ ಶುರು ಮಾಡಿದವನು. ಈಗ ಜಾಸ್ತಿ ಬರುವುದು ಇನ್ವರ್ಟರ್ ಬೋರ್ಡು, ಸ್ಕೂಟರಿನ ಡಿಜಿಟಲ್ ಮೀಟರು. ಭಾವನದ್ದು ಬೀಚಿನ ವ್ಯಾಪಾರ. ಎರಡು ಜೆಟ್ ಸ್ಕೀ ಉಂಟು. ಒಂದು 2005ರದ್ದು, ಮೂರು ಸೀಟಿನ ಫೋರ್ ಸ್ಟ್ರೋಕ್, ಸೆಕೆಂಡ್ ಹ್ಯಾಂಡ್ ತೆಗೆದುಕೊಂಡದ್ದು. ಎಂಜಿನ್ ಇವತ್ತಿಗೂ ಒಂದೇ ಒತ್ತಿಗೆ ಸ್ಟಾರ್ಟ್. ಮೀಟರ್ ಮಾತ್ರ ವರ್ಷದಿಂದ ವರ್ಷಕ್ಕೆ ಮಂಕಾಗುತ್ತಾ ಬಂದು, ಕಳೆದ ಸೀಸನ್ನಿಗೆ ಪೂರಾ ಖಾಲಿ ಗಾಜಿನ ಹಾಗೆ ಆಗಿತ್ತು. ಪೆಟ್ರೋಲ್ ಎಷ್ಟುಂಟು ಅಂತ ಅಂದಾಜಿನಲ್ಲೇ ಓಡಿಸುತ್ತಿದ್ದ ಹುಡುಗ ಒಂದು ದಿನ ಅಲೆಗಳಾಚೆ ನಿಂತುಹೋದ. ಮೀನಿನ ದೋಣಿಯವರು ಹಗ್ಗ ಕಟ್ಟಿ ಎಳೆದು ತಂದರು. ಹಿಂದೆ ಕೂತಿದ್ದ ಪ್ರವಾಸಿ ದುಡ್ಡು ವಾಪಸ್ ಕೇಳಿದ.

"ಹೊಸ ಮೀಟರಿಗೆ ಕೇಳುವ ದುಡ್ಡಲ್ಲಿ ಒಂದು ಹಳೆ ಸ್ಕೂಟರೇ ಬರ್ತದೆ ಭಾವ. ನೀವೇ ಎಂತಾದ್ರೂ ಮಾಡಿ," ಅಂತ ನನ್ನನ್ನು ಶೆಡ್ಡಿಗೆ ಕರೆದುಕೊಂಡು ಹೋದರು.

ಬೇರೆ ಹಳೆ ಗಾಡಿಯ ಮೀಟರ್ ತಂದು ಹಾಕಬಹುದಿತ್ತು. ಆದರೆ ಎಂಜಿನ್ ಎಷ್ಟು ಗಂಟೆ ಓಡಿದೆ ಅನ್ನುವ ಲೆಕ್ಕ ಇರುವುದು ಮೀಟರಿನ ಒಳಗೆ. ಇನ್ನೊಬ್ಬರ ಮೀಟರ್ ಹಾಕಿದರೆ ಇನ್ನೊಬ್ಬರ ಲೆಕ್ಕ ಬರುತ್ತದೆ. ಹಾಗಾಗಿ ಇದ್ದದ್ದನ್ನೇ ಸರಿ ಮಾಡುವುದು ಅಂತಾಯಿತು. ಬೈಕ್, ಸ್ಕೂಟರ್, ಹಳೆಯ ಕಾರಿನ ಗಡಿಯಾರ, ಹೀಗೆ ಕಪ್ಪು ಅಂಕೆಯ ಎಲ್‌ಸಿಡಿ ಇರುವ ಯಾವುದಕ್ಕೂ ಕೆಲಸ ಹೆಚ್ಚುಕಮ್ಮಿ ಇದೇ. ಜೆಟ್ ಸ್ಕೀಯಲ್ಲಿ ಬಿಚ್ಚುವುದಕ್ಕಿಂತ ಮುಚ್ಚುವುದು ಕಷ್ಟ, ಅಷ್ಟೇ ವ್ಯತ್ಯಾಸ. ಉಪ್ಪುನೀರು ಒಳಗೆ ಹೋದರೆ ಬೋರ್ಡಿನ ತಾಮ್ರ ಹಸಿರು ಕಟ್ಟಿ ತಿಂದುಹೋಗುತ್ತದೆ.

ಬಿಚ್ಚುವ ಮೊದಲು ಒಂದು ಕೂಲಿಂಗ್ ಗ್ಲಾಸ್ ತನ್ನಿ

ಮಂಕಾಗಿದೆ ಅಂದ ಕೂಡಲೇ ಗರಗಸ ಹಿಡಿಯಬೇಡಿ. ನಾನು ಹಿಂದೆ ಒಬ್ಬರ ಸ್ಕೂಟರ್ ಮೀಟರನ್ನು ಪೂರಾ ಬಿಚ್ಚಿ ಹಾಸಿದ ಮೇಲೆ ಗೊತ್ತಾಯಿತು, ಎಲ್‌ಸಿಡಿ ಚೆನ್ನಾಗಿಯೇ ಇದೆ, ಮೇಲಿನ ಪ್ಲಾಸ್ಟಿಕ್ ಮುಚ್ಚಳ ಮಾತ್ರ ಗೀಚಿ ಬೆಳ್ಳಗಾಗಿದೆ ಅಂತ. ಅದನ್ನು ಕಂಡುಹಿಡಿಯಲು ಒಂದು ಹನಿ ನೀರು ಸಾಕು. ಮುಚ್ಚಳದ ಮೇಲೆ ನೀರು ಸವರಿ. ನೀರು ಇರುವಷ್ಟು ಹೊತ್ತು ಅಂಕೆ ಸ್ಪಷ್ಟ ಕಂಡು, ಒಣಗಿದ ಮೇಲೆ ಮತ್ತೆ ಮಂಕಾದರೆ ತೊಂದರೆ ಮೇಲಿನ ಗೀಚುಗಳದ್ದು. 2000 ನಂಬರಿನ ವಾಟರ್ ಪೇಪರಿನಲ್ಲಿ ನೀರು ಹಾಕಿ ಉಜ್ಜಿ, ಆಮೇಲೆ ಕಾರ್ ಪಾಲಿಶ್ ಹಚ್ಚಿದರೆ ಮುಗಿಯಿತು.

ಕೆಲವು ಅಂಕೆಗಳ ಒಂದೊಂದು ಗೆರೆ ಮಾತ್ರ ಕಾಣೆಯಾಗಿ, ಉಳಿದದ್ದು ಗಾಢವಾಗಿ ಇದ್ದರೆ ಅದು ಕನೆಕ್ಷನ್ ತೊಂದರೆ. ಗಾಜಿನ ಒಳಗೆ ಶಾಯಿ ಚೆಲ್ಲಿದ ಹಾಗೆ ಕಪ್ಪು ಕಲೆ ಹರಡಿದ್ದರೆ ಗಾಜೇ ಒಡೆದಿದೆ. ಅದಕ್ಕೆ ಮನೆಮದ್ದಿಲ್ಲ.

ಭಾವನ ಮೀಟರಿನಲ್ಲಿ ಇದ್ಯಾವುದೂ ಅಲ್ಲ, ಎಲ್ಲ ಅಂಕೆಯೂ ಒಂದೇ ಸಮ ಮಾಸಿತ್ತು. ಅವರ ಗಾಡಿಯಲ್ಲಿ ರಿಮೋಟಿನಿಂದ ಲಾಕ್ ತೆಗೆದರೆ ಸಾಕು, ಎಂಜಿನ್ ಸ್ಟಾರ್ಟ್ ಮಾಡದೆಯೇ ಮೀಟರ್ ಎಚ್ಚರವಾಗುತ್ತದೆ. ಭಾವ ಮಳೆ ಇರಲಿ ಬಿಸಿಲಿರಲಿ, ಒಂದು ಕರಿ ಕೂಲಿಂಗ್ ಗ್ಲಾಸ್ ಬಿಡುವವರಲ್ಲ. ನೀರಿನ ಹೊಳಪು ಕಣ್ಣಿಗೆ ಹೊಡೆಯಬಾರದು ಅಂತ ಪೋಲರೈಸ್ಡ್ ತೆಗೆದುಕೊಂಡಿದ್ದರು. ಅದನ್ನು ಕೇಳಿ ತೆಗೆದುಕೊಂಡೆ. ಮೀಟರಿನ ಮುಂದೆ ಹಿಡಿದು ಮೆಲ್ಲ ತಿರುಗಿಸಿದೆ. ಕಾಲು ಸುತ್ತು ಆಗುವಷ್ಟರಲ್ಲಿ ಖಾಲಿ ಗಾಜಿನ ಒಳಗಿಂದ ಅಂಕೆಗಳು ಎದ್ದು ಬಂದವು. ಪೆಟ್ರೋಲಿನ ಗೆರೆಗಳು, ಆಯಿಲ್ ಚಿಹ್ನೆ, ಗಂಟೆಯ ಲೆಕ್ಕ, ಎಲ್ಲ. ಗ್ಲಾಸ್ ತೆಗೆದರೆ ಮತ್ತೆ ಖಾಲಿ. ಭಾವ ತಾವೇ ಎರಡು ಸಲ ಹಿಡಿದು ನೋಡಿದರು. "ಇದೆಂತ ಕಣ್ಕಟ್ಟು ಭಾವ!"

ಕಣ್ಕಟ್ಟು ಏನಿಲ್ಲ. ಎಲ್‌ಸಿಡಿ ಅಂದರೆ ಎರಡು ಗಾಜಿನ ನಡುವೆ ಕೂದಲಿಗಿಂತ ತೆಳ್ಳಗಿನ ಒಂದು ಪದರ ಲಿಕ್ವಿಡ್ ಕ್ರಿಸ್ಟಲ್. ಗಾಜಿನ ಮುಂದೊಂದು, ಹಿಂದೊಂದು ಪೋಲರೈಸರ್ ಹಾಳೆ ಅಂಟಿಸಿರುತ್ತಾರೆ. ಅಂಕೆ ಮೂಡಿಸುವುದು ಲಿಕ್ವಿಡ್ ಕ್ರಿಸ್ಟಲ್ಲೇ, ಆದರೆ ಅದನ್ನು ನಮ್ಮ ಕಣ್ಣಿಗೆ ಕಾಣಿಸುವುದು ಈ ಹಾಳೆಗಳು. ಪ್ಲಾಸ್ಟಿಕ್ಕನ್ನು ಉದ್ದಕ್ಕೆ ಎಳೆದು ಅದಕ್ಕೆ ಅಯೋಡಿನ್ ಕುಡಿಸಿ ಇಂಥ ಹಾಳೆ ಮಾಡುತ್ತಾರೆ. ಅಮೆರಿಕದ ಎಡ್ವಿನ್ ಲ್ಯಾಂಡ್ 1938ರಲ್ಲಿ ಕಂಡುಕೊಂಡ ಉಪಾಯ ಇದು. ಎಳೆದಾಗ ಒಳಗಿನ ಎಳೆಗಳೆಲ್ಲ ಹಿಡಿಸೂಡಿಯ ಕಡ್ಡಿಗಳ ಹಾಗೆ ಒಂದೇ ದಿಕ್ಕಿಗೆ ಮಲಗುತ್ತವೆ. ಆಗ ಒಂದು ದಿಕ್ಕಿಗೆ ಅದುರುವ ಬೆಳಕು ಮಾತ್ರ ದಾಟುತ್ತದೆ, ಅಡ್ಡ ಅದುರುವುದು ಅಲ್ಲೇ ನಿಲ್ಲುತ್ತದೆ.

ವರ್ಷಗಟ್ಟಲೆ ಬಿಸಿಲು, ಸೆಖೆ, ತೇವ ತಿಂದರೆ ಆ ಅಯೋಡಿನ್ ಹಾರಿಹೋಗುತ್ತದೆ. ಮೊದಲು ಸಾಯುವುದು ಮುಂದಿನ ಹಾಳೆ, ಬಿಸಿಲಿಗೆ ಎದೆ ಕೊಟ್ಟು ಕೂತಿರುವುದು ಅದೇ ಅಲ್ವಾ. ಒಳಗೆ ಅಂಕೆ ಮೂಡುತ್ತಲೇ ಇರುತ್ತದೆ, ಕಾಣಿಸುವವರು ಇಲ್ಲ. ಪೋಲರೈಸ್ಡ್ ಕೂಲಿಂಗ್ ಗ್ಲಾಸಿನಲ್ಲೂ ಇಂಥದ್ದೇ ಹಾಳೆ ಇರುತ್ತದೆ, ಅದು ಸತ್ತ ಹಾಳೆಯ ಜಾಗದಲ್ಲಿ ನಿಂತು ಕೆಲಸ ಮಾಡಿತು, ಅಷ್ಟೇ.

ಇನ್ನೊಂದು ಸಂಗತಿ. ಗ್ಲಾಸ್ ತಿರುಗಿಸುವಾಗ ಯಾವುದೋ ಒಂದು ಕೋನದಲ್ಲಿ ಇಡೀ ಕಿಟಕಿಯೇ ಕಪ್ಪಾಗಿ ಮುಚ್ಚಿಹೋದರೆ ಮುಂದಿನ ಹಾಳೆ ಇನ್ನೂ ಬದುಕಿದೆ ಅಂತ ಅರ್ಥ. ಆಗ ಈ ರಿಪೇರಿ ನಿಮಗಲ್ಲ, ಸುಮ್ನೆ ಮೀಟರ್ ಬಿಚ್ಚಬೇಡಿ.

ಸಾಮಾನು

ಪೋಲರೈಸರ್ ಹಾಳೆ ಈಗ ಅಪರೂಪದ್ದೇನಲ್ಲ. ಎಲ್‌ಇಡಿ ಟಿ.ವಿ.ಯ ಪ್ಯಾನೆಲ್ ರಿಪೇರಿ ಮಾಡುವವರು ಇಟ್ಟುಕೊಂಡಿರುತ್ತಾರೆ. ನಾನು ಬೆಂಗಳೂರಿನ ಎಸ್.ಪಿ. ರೋಡಿನಿಂದ 32 ಇಂಚಿನ ಟಿ.ವಿ.ಗೆ ಹಾಕುವ ಒಂದು ಹಾಳೆ ತರಿಸಿದೆ. ಸುರುಳಿ ಸುತ್ತಿ ರಾತ್ರಿ ಬಸ್ಸಿನಲ್ಲಿ ಬಂತು. ಒಂದು ಹಾಳೆಯಲ್ಲಿ ಊರಿನ ಮೀಟರೆಲ್ಲ ಮುಗಿಸಬಹುದು. ಕೇಳುವಾಗ ಲೀನಿಯರ್, ಒಂದು ಬದಿ ಅಂಟು ಇರುವುದು ಅಂತ ಕೇಳಿ. ಮೇಲ್ಮೈ ಹೊಳೆಯದೆ ಮ್ಯಾಟ್ ಇದ್ದರೆ ಬಿಸಿಲಿಗೆ ಇನ್ನೂ ಒಳ್ಳೆಯದು.

ಗುಜರಿಯ ಕಂಪ್ಯೂಟರ್ ಮಾನಿಟರಿನಿಂದ ಹಾಳೆ ಸುಲಿದು ಹಾಕುವ ಆಸೆ ನನಗೂ ಆಗಿತ್ತು. ಬೇಡ. ಆ ಮಾನಿಟರುಗಳಲ್ಲಿ ತುಂಬ ಕಡೆ ಪೋಲರೈಸರಿನ ಜೊತೆಗೆ ಇನ್ನೊಂದು ಪದರ ಅಂಟಿರುತ್ತದೆ. ಓರೆಯಿಂದ ನೋಡಿದರೂ ಬಣ್ಣ ಕೆಡಬಾರದು ಅಂತ ತಟ್ಟೆಯ ಆಕಾರದ ಅಣುಗಳಿಂದ ಮಾಡಿದ ಪದರ ಅದು. ತಟ್ಟೆಯಂಥ ಅಣುಗಳಿಂದಲೂ ಲಿಕ್ವಿಡ್ ಕ್ರಿಸ್ಟಲ್ ಆಗುತ್ತದೆ ಅಂತ ಮೊದಲು ತೋರಿಸಿದ್ದು ನಮ್ಮ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ಎಸ್. ಚಂದ್ರಶೇಖರ್ ಮತ್ತು ಜೊತೆಯವರು, 1977ರಲ್ಲಿ. ಹೆಮ್ಮೆಯ ವಿಷಯವೇ. ಆದರೆ ನಮ್ಮ ಮೀಟರಿನಲ್ಲಿ ಆ ಪದರ ಬೇಡದ ಕಡೆ ಬಂದು ಬಣ್ಣ ಕೆಡಿಸುತ್ತದೆ.

ಉಳಿದದ್ದು: ಐಸೊಪ್ರೊಪೈಲ್ ಆಲ್ಕೊಹಾಲ್, ಹತ್ತಿ, ಹೊಸ ಬ್ಲೇಡು, ಹಳೆಯ ಎಟಿಎಂ ಕಾರ್ಡು, ಮಾಸ್ಕಿಂಗ್ ಟೇಪು, ಹೇರ್ ಡ್ರೈಯರು, ಹ್ಯಾಕ್ಸಾ ಬ್ಲೇಡು, ಸಿಲಿಕಾ ಜೆಲ್ ಪೊಟ್ಟಣ. ಮತ್ತೆ ಸಿಲಿಕೋನ್ ಸೀಲಂಟ್. ಅದರ ವಿಷಯ ಕೊನೆಗೆ ಹೇಳುತ್ತೇನೆ, ಅಲ್ಲಿಯವರೆಗೆ ಮನೆಯಲ್ಲಿರುವ ಟ್ಯೂಬ್ ಮುಟ್ಟಬೇಡಿ.

ಬಿಚ್ಚುವುದು

ಬ್ಯಾಟರಿಯ ನೆಗೆಟಿವ್ ತೆಗೆದ ಮೇಲೆಯೇ ಮೀಟರಿನ ಕಪ್ಲರ್ ಎಳೆಯಿರಿ. ವಯರ್ ಹಿಡಿದು ಎಳೆಯಬೇಡಿ, ಲಾಕ್ ಒತ್ತಿ. ಮಧ್ಯೆ ಟೆಸ್ಟ್ ಮಾಡಲು ಮೀಟರ್ ಮತ್ತೆ ಸಿಕ್ಕಿಸಬೇಕಾಗುತ್ತದೆ. ಆಗಲೂ ಎಂಜಿನ್ ಓಡಿಸಬೇಡಿ. ಜೆಟ್ ಸ್ಕೀಯ ಎಂಜಿನ್ ತಣ್ಣಗಾಗುವುದು ಪಂಪ್ ಎಳೆದುಕೊಳ್ಳುವ ನೀರಿನಿಂದ. ನೆಲದ ಮೇಲೆ ಆ ನೀರು ಎಲ್ಲಿಂದ ಬರಬೇಕು?

ಕೆಲವು ಮೀಟರುಗಳಲ್ಲಿ ಮುಚ್ಚಳಕ್ಕೆ ಸ್ಕ್ರೂ ಇರುತ್ತದೆ, ಅವರು ಪುಣ್ಯವಂತರು. ಇದರಲ್ಲಿ ಸುತ್ತಲೂ ಅಂಟು. ಹೇರ್ ಡ್ರೈಯರಿನಲ್ಲಿ ಜೋಡಣೆಯ ಗೆರೆಯನ್ನು ಕಾಯಿಸಿದೆ. ಬೆರಳಿಟ್ಟರೆ ಸುಡಬೇಕು, ಆದರೆ ಪ್ಲಾಸ್ಟಿಕ್ ಬಾಗಬಾರದು, ಅಷ್ಟು ಬಿಸಿ ಸಾಕು. ಎಟಿಎಂ ಕಾರ್ಡಿನ ಮೂಲೆ ತೂರಿಸಿ ಮೂರು ಬದಿ ಬಿಡಿಸಿದೆ. ನಾಲ್ಕನೆಯ ಬದಿ ಹಟ ಹಿಡಿಯಿತು. ಅಲ್ಲಿ ಟೇಪ್ ಅಂಟಿಸಿ ಹ್ಯಾಕ್ಸಾ ಬ್ಲೇಡಿನಲ್ಲಿ ಗೆರೆ ಹಿಡಿದು ಕೊಯ್ದೆ. ಬ್ಲೇಡಿಗೆ ತುದಿಯಿಂದ ಎರಡು ಮಿಲಿಮೀಟರಿಗೆ ಒಂದು ಟೇಪ್ ಸುತ್ತಿಕೊಳ್ಳಿ, ಅದಕ್ಕಿಂತ ಆಳ ಹೋಗಬಾರದು ಅನ್ನುವ ಗುರುತಿಗೆ. ನಾನು ಮೊದಲ ಸಲ ಹೀಗೆ ಸುತ್ತಿಕೊಳ್ಳದೆ ಒಂದು ಸ್ಕೂಟರ್ ಮೀಟರಿನ ಬೋರ್ಡನ್ನೇ ಕೊಯ್ದಿದ್ದೆ. ಕೂದಲೆಳೆಯ ಮೂರು ತಂತಿ ಬೆಸುಗೆ ಹಾಕಿ ಮರ್ಯಾದೆ ಉಳಿಸಿಕೊಂಡೆ.

ಮುಚ್ಚಳ ಎದ್ದ ಕೂಡಲೇ ಒಳಗಿಂದ ಹುಳಿ ವಾಸನೆ ಬಂತು, ಗೋಬಿ ಮಂಚೂರಿ ಗಾಡಿಯ ಹತ್ತಿರ ಬರುವ ವಿನೆಗರ್ ವಾಸನೆ. ಹಳೆಯ ಪೋಲರೈಸರಿನ ಹೊರಪದರ ಸೆಖೆಗೆ, ತೇವಕ್ಕೆ ಕೊಳೆತಾಗ ಅಸಿಟಿಕ್ ಆಸಿಡ್ ಬಿಡುತ್ತದೆ. ಕೂಲಿಂಗ್ ಗ್ಲಾಸ್ ಹೇಳಿದ್ದನ್ನೇ ಮೂಗೂ ಹೇಳಿತು.

ಒಳಗೆ ಎಲ್‌ಸಿಡಿಯ ಗಾಜು ಬೋರ್ಡಿಗೆ ಸಣ್ಣ ಪಿನ್ನುಗಳಲ್ಲಿ ಬೆಸುಗೆಯಾಗಿದ್ದರೆ ಅದನ್ನು ಕೀಳಲೇಬೇಡಿ, ಇದ್ದಲ್ಲೇ ಕೆಲಸ ಮಾಡಿ. ನಮ್ಮದರಲ್ಲಿ ಹಾಗೆಯೇ ಇತ್ತು. ಪಿನ್ನಿನ ಬದಲು ಗಾಜಿನ ಕೆಳಗೆ ಉದ್ದನೆಯ ರಬ್ಬರ್ ಪಟ್ಟಿ ಇರುವುದೂ ಉಂಟು, ಜೀಬ್ರಾ ಸ್ಟ್ರಿಪ್ ಅನ್ನುತ್ತಾರೆ. ಕರೆಂಟ್ ಹರಿಯುವ ಒಂದು ಗೆರೆ, ಹರಿಯದ ಒಂದು ಗೆರೆ ಸಾಲಾಗಿ ಇರುವ ರಬ್ಬರು. ಅದನ್ನು ಎತ್ತಿದರೆ ಎರಡೂ ಅಂಚನ್ನು ಆಲ್ಕೊಹಾಲಿನಲ್ಲಿ ಒರೆಸಿ, ಬೆರಳು ತಾಗಿಸದೆ ಇದ್ದ ಹಾಗೆಯೇ ಕೂರಿಸಿ. ಅಂಕೆಯ ಗೆರೆಗಳು ಕಾಣೆಯಾಗುವ ಕಾಯಿಲೆಗೂ ಇದೇ ಮದ್ದು.

ಹಳೆ ಹಾಳೆ ಸುಲಿಯುವುದು

ಇಡೀ ಕೆಲಸದಲ್ಲಿ ಉಸಿರು ಬಿಗಿಹಿಡಿಯುವ ಜಾಗ ಇದು. ಗಾಜು ಒಂದು ಮಿಲಿಮೀಟರ್ ಆಸುಪಾಸು, ಜೋರು ಮಾಡಿದರೆ ಮುಗಿಯಿತು. ಬ್ಲೇಡನ್ನು ಗಾಜಿಗೆ ಮಲಗಿಸಿದ ಹಾಗೆ ಹಿಡಿದು ಹಾಳೆಯ ಒಂದು ಮೂಲೆ ಎಬ್ಬಿಸಿ. ಪಿನ್ ಇರುವ ಬದಿಯಿಂದ ಶುರು ಮಾಡಬೇಡಿ, ಅಲ್ಲಿ ಗಾಜು ಒಂದೇ ಪದರ ಹೊರಗೆ ಚಾಚಿರುತ್ತದೆ, ಅದೇ ಮೊದಲು ಒಡೆಯುವುದು. ಮೂಲೆ ಸಿಕ್ಕಿದ ಮೇಲೆ ಮೇಲಕ್ಕೆ ಎತ್ತದೆ, ಹಿಂದಕ್ಕೆ ಮಡಚಿ ಗಾಜಿಗೆ ಸಮವಾಗಿ ಎಳೆಯಿರಿ. ಚೆನ್ನಾಗಿದ್ದ ಹಾಳೆ ಸ್ಟಿಕರಿನ ಹಾಗೆ ಒಂದೇ ತುಂಡಾಗಿ ಬರುತ್ತದೆ. ಇದು ಬಿಸಿಲಿಗೆ ಒಣಗಿ ಹಪ್ಪಳದ ಹಾಗೆ ಚೂರು ಚೂರಾಗಿ ಬಂತು. ಮುಕ್ಕಾಲು ಗಂಟೆ ಹಿಡಿಯಿತು. ನಡುವೆ ಭಾವ ಎರಡು ಸಲ "ಆಯ್ತಾ?" ಅಂದರು. ಮೂರನೆಯ ಸಲಕ್ಕೆ ಚಾ ತರಲು ಕಳಿಸಿದೆ.

ಉಳಿದ ಅಂಟಿನ ಮೇಲೆ ಆಲ್ಕೊಹಾಲಿನಲ್ಲಿ ನೆನೆಸಿದ ಹತ್ತಿಯನ್ನು ಹತ್ತು ನಿಮಿಷ ಇಟ್ಟು, ಕಾರ್ಡಿನ ಅಂಚಿನಲ್ಲಿ ಕೆರೆಯಿರಿ. ಥಿನ್ನರ್ ಬೇಡ, ನೇಲ್ ಪಾಲಿಶ್ ರಿಮೂವರ್ ಬೇಡ. ಸುತ್ತಲಿನ ಪ್ಲಾಸ್ಟಿಕ್ಕನ್ನು ಕರಗಿಸುತ್ತವೆ. ಗಾಜಿನ ಅಂಚಿನಲ್ಲಿ ಲಿಕ್ವಿಡ್ ಕ್ರಿಸ್ಟಲ್ ತುಂಬಿ ಮುಚ್ಚಿದ ಒಂದು ಸಣ್ಣ ಅಂಟಿನ ಬೊಟ್ಟು ಇರುತ್ತದೆ, ಅದು ಕರಗಿದರೆ ಎಲ್‌ಸಿಡಿಯೇ ಹೋಯಿತು. ಹಿಂದಿನ ಹಾಳೆಯನ್ನು ಸುಮ್ನೆ ಬಿಟ್ಟುಬಿಡಿ. ಅದರ ಬೆನ್ನಿಗೆ ಬೆಳ್ಳಿ ಬಣ್ಣದ ಇನ್ನೊಂದು ಪದರ ಇರುತ್ತದೆ, ಅಂಥದ್ದು ಸುಲಭಕ್ಕೆ ಸಿಗುವುದಿಲ್ಲ.

ಹೊಸದನ್ನು ಕೂರಿಸುವುದು

ಮೊದಲು ದಿಕ್ಕು. ಹೊಸ ಹಾಳೆಯಿಂದ ಅಂಗೈಯಷ್ಟು ತುಂಡು ಕತ್ತರಿಸಿ, ಮೀಟರನ್ನು ಗಾಡಿಗೆ ಸಿಕ್ಕಿಸಿ, ಬ್ಯಾಟರಿ ಕೊಟ್ಟು, ತುಂಡನ್ನು ಗಾಜಿನ ಮೇಲಿಟ್ಟು ತಿರುಗಿಸಿ. ಒಂದು ಕಡೆ ಬಿಳಿ ನೆಲದ ಮೇಲೆ ಕಪ್ಪು ಅಂಕೆ ಬರುತ್ತದೆ. ಅಲ್ಲಿಂದ ಕಾಲು ಸುತ್ತು ತಿರುಗಿಸಿದರೆ ಉಲ್ಟಾ, ಕಪ್ಪು ನೆಲದ ಮೇಲೆ ಬಿಳಿ ಅಂಕೆ. ನೋಡಲು ಸ್ಟೈಲಾಗಿರುತ್ತದೆ, ಹುಡುಗರು ಅದೇ ಬೇಕು ಅನ್ನುತ್ತಾರೆ. ಆದರೆ ನಡುಮಧ್ಯಾಹ್ನದ ಬಿಸಿಲಿಗೆ ಓದಲು ಕಪ್ಪು ಅಂಕೆಯೇ ವಾಸಿ.

ನಾನು ಇಲ್ಲಿ ಎಡವಿದೆ. ಎಷ್ಟು ತಿರುಗಿಸಿದರೂ ಅಂಕೆ ಸರಿಯಾಗಿ ಕಾಣದೆ ಕಾಮನಬಿಲ್ಲಿನ ಬಣ್ಣ ಬರುತ್ತಿತ್ತು. ಹಾಳೆ ಕಳಪೆ ಅಂತ ಅಂಗಡಿಯವರಿಗೆ ಫೋನ್ ಮಾಡಿ ಬೈಯುವವನಿದ್ದೆ. ಆಮೇಲೆ ನೋಡಿದರೆ ಅಂಟಿನ ಬದಿಯ ಪಾರದರ್ಶಕ ರಕ್ಷಣೆಯ ಹಾಳೆ ಹಾಗೆಯೇ ಇತ್ತು. ಆ ಪ್ಲಾಸ್ಟಿಕ್ ನಡುವೆ ಕೂತು ಬೆಳಕನ್ನು ತಿರುಚುತ್ತದೆ. ಟೆಸ್ಟ್ ತುಂಡಿನಿಂದ ಅದನ್ನು ಕಿತ್ತು, ಗಾಜಿಗೆ ತಾಗಿಸದೆ ಸ್ವಲ್ಪ ಮೇಲೆ ಹಿಡಿದಾಗ ಎಲ್ಲ ಸರಿಯಾಯಿತು.

ಕೋನ ಸಿಕ್ಕಿದ ಮೇಲೆ ತುಂಡಿನ ಮೇಲೆ ಮಾರ್ಕರಿನಲ್ಲಿ ಗಾಜಿನ ಮೇಲಂಚಿಗೆ ಸಮವಾಗಿ ಗೆರೆ ಎಳೆಯಿರಿ. ದೊಡ್ಡ ಹಾಳೆಯಿಂದ ಅದೇ ಕೋನದಲ್ಲಿ ಕತ್ತರಿಸಿ. ಅನೇಕ ಸಲ ಅದು 45 ಡಿಗ್ರಿ ಓರೆ ಇರುತ್ತದೆ, ಹಾಗಾಗಿ ಹಾಳೆ ಸ್ವಲ್ಪ ದಂಡ ಆಗುತ್ತದೆ. ಗಾಜಿಗಿಂತ ಅರ್ಧ ಮಿಲಿಮೀಟರ್ ಚಿಕ್ಕದಿರಲಿ. ಮುಂಬದಿ, ಹಿಂಬದಿ ಅದಲುಬದಲಾದರೆ ಓರೆಯೂ ಅದಲುಬದಲಾಗುತ್ತದೆ, ಅಂಟಿನ ಬದಿ ಯಾವುದು ಅಂತ ಬರೆದಿಟ್ಟುಕೊಳ್ಳಿ.

ಅಂಟಿಸುವಾಗ ಧೂಳೇ ಶತ್ರು. ಮಳೆಗಾಲದ ಉಪಕಾರ ಇದೊಂದೇ, ಗಾಳಿಯಲ್ಲಿ ಧೂಳಿಲ್ಲ. ಒಂದು ಅಂಚು ಕೂರಿಸಿ, ಬಟ್ಟೆ ಸುತ್ತಿದ ಕಾರ್ಡಿನಲ್ಲಿ ಸ್ವಲ್ಪ ಸ್ವಲ್ಪವೇ ಒತ್ತುತ್ತಾ ಹೋಗಿ. ಮೊಬೈಲಿಗೆ ಸ್ಕ್ರೀನ್ ಗಾರ್ಡ್ ಹಾಕಿದವರಿಗೆ ಹೇಳಿಕೊಡಬೇಕಾಗಿಲ್ಲ. ನೀರು ಹಾಕಬೇಡಿ. ಸಾಸಿವೆಗಿಂತ ಚಿಕ್ಕ ಗುಳ್ಳೆ ಒಂದೆರಡು ದಿನದಲ್ಲಿ ತಾನಾಗಿ ಹೋಗುತ್ತದೆ.

ಮುಚ್ಚುವುದು

ಈಗ ಸಿಲಿಕೋನಿನ ವಿಷಯ. ಹಾರ್ಡ್‌ವೇರ್ ಅಂಗಡಿಯಲ್ಲಿ ಕೇಳಿದ ಕೂಡಲೇ ಕೊಡುವ ಅಗ್ಗದ ಟ್ಯೂಬನ್ನು ಮೂಸಿ ನೋಡಿ. ಅದೇ ವಿನೆಗರ್ ವಾಸನೆ. ಗಟ್ಟಿಯಾಗುವಾಗ ಅಸಿಟಿಕ್ ಆಸಿಡ್ ಬಿಡುವ ಜಾತಿ ಅದು. ಮುಚ್ಚಿದ ಡಬ್ಬಿಯೊಳಗೆ ಆ ಆವಿ ಸಿಕ್ಕಿಹಾಕಿಕೊಂಡರೆ ಬೋರ್ಡಿನ ತಾಮ್ರವನ್ನು ತಿನ್ನುತ್ತದೆ. ನ್ಯೂಟ್ರಲ್ ಕ್ಯೂರ್ ಅಂತ ಬರೆದಿರುವುದನ್ನೇ ಕೇಳಿ, ಸ್ವಲ್ಪ ದುಡ್ಡು ಜಾಸ್ತಿ.

ಮುಚ್ಚುವ ಮೊದಲು ಒಳಗೆ ಒಣಗಿರಬೇಕು. ಜುಲೈಯಲ್ಲಿ ನಮ್ಮ ಕಡೆ ಗೋಡೆಯೇ ಬೆವರುತ್ತದೆ. ಮೀಟರನ್ನು ಒಂದು ಬಿಸ್ಕತ್ತಿನ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಎರಡು ದಿನ ಇಟ್ಟು, ತೆಗೆದ ಕೂಡಲೇ ಮುಚ್ಚಿದೆ. ಇಲ್ಲದಿದ್ದರೆ ಮೊದಲ ಬಿಸಿಲಿಗೇ ಒಳಗಿನಿಂದ ಮಂಜು ಕಟ್ಟುತ್ತದೆ. ಹಳೆಯ ಅಂಟು ಪೂರಾ ಕೆರೆದು, ಎರಡೂ ಅಂಚನ್ನು ಒರೆಸಿ, ಸಿಲಿಕೋನನ್ನು ಎಲ್ಲೂ ತುಂಡಾಗದ ಒಂದೇ ಗೆರೆಯಾಗಿ ಎಳೆಯಿರಿ. ಟೇಪ್ ಸುತ್ತಿ ಎರಡು ದಿನ ಬಿಡಿ. ಡಬ್ಬಿಯ ಹಿಂದೆ ಗಾಳಿಯಾಡಲು ಸಣ್ಣ ಬಿಳಿ ಬಿಲ್ಲೆ ಅಂಟಿಸಿದ್ದರೆ ಅದರ ಮೇಲೆ ಸಿಲಿಕೋನ್ ಬಳಿಯಬೇಡಿ, ಅದು ಇರುವುದೇ ಉಸಿರಾಡಲು.

ಸೋರುತ್ತದಾ ಅಂತ ನೋಡಲು ಬಿಸಿ ಮೀಟರನ್ನು ತಣ್ಣೀರಿಗೆ ಹಾಕಬೇಡಿ, ಒಳಗಿನ ಗಾಳಿ ಕುಗ್ಗಿ ನೀರನ್ನು ಎಳೆದುಕೊಳ್ಳುತ್ತದೆ. ಉಲ್ಟಾ ಮಾಡಿ. ತಣ್ಣಗಿನ ಮೀಟರಿನ ಮುಖವನ್ನು ಮಾತ್ರ ಮಗುವಿಗೆ ಸ್ನಾನ ಮಾಡಿಸುವಷ್ಟು ಬೆಚ್ಚಗಿನ ನೀರಿಗೆ ಅದ್ದಿ ಹಿಡಿಯಿರಿ. ಒಳಗಿನ ಗಾಳಿ ಹಿಗ್ಗಿ ಹೊರಗೆ ಬರಲು ನೋಡುತ್ತದೆ. ಗುಳ್ಳೆ ಎದ್ದ ಜಾಗವೇ ತೂತು. ನಮಗೆ ಬಲಗಡೆ ಮೂಲೆಯಲ್ಲಿ ಒಂದೊಂದೇ ಗುಳ್ಳೆ ಬಂತು, ಗರಗಸ ಹಾಕಿದ ಬದಿಯಲ್ಲೇ. ಅಲ್ಲಿಗೆ ಇನ್ನೊಂದು ಪದರ ಎಳೆದೆ.

ಸೀಸನ್ ಶುರುವಾದ ಮೇಲೆ ಗಾಡಿ ನಿಂತಾಗಲೆಲ್ಲ ಮೀಟರ್ ಮುಚ್ಚಲು ರೆಕ್ಸಿನ್ನಿನ ಒಂದು ಟೊಪ್ಪಿ ಹೊಲಿಸಿಕೊಟ್ಟೆ. ಹುಡುಗರು ಹಾಕುತ್ತಾರೋ ಇಲ್ಲವೋ, ಕೇಳಲು ಹೋಗಿಲ್ಲ.

ಮೊದಲ ವಾರವೇ ಭಾವನ ಫೋನ್ ಬಂತು. "ಅಂಕೆ ಬಾರೀ ಲಾಯ್ಕ ಕಾಣ್ತದೆ ಭಾವ. ಆದ್ರೆ ತಲೆ ಎಡಕ್ಕೆ ವಾಲಿಸಿದ್ರೆ ಪೂರಾ ಕತ್ತಲೆ. ಬಲಕ್ಕೆ ವಾಲಿಸಿದ್ರೆ ಸರಿ. ಒಂದು ಬದಿ ಹಾಳೆ ಕಮ್ಮಿ ಹಾಕಿದ್ರಾ?"

"ಮುಖದ ಮೇಲೆ ಏನುಂಟು?" ಅಂತ ಕೇಳಿದೆ.

ಸ್ವಲ್ಪ ಹೊತ್ತು ಗಾಳಿಯ ಸದ್ದು ಮಾತ್ರ ಕೇಳಿತು. ಆಮೇಲೆ "ಓ, ಗ್ಲಾಸಾ!" ಅಂದರು.